ರಾಣಿ ಹೋದರೂ ಮುಗಿಯದ ಕೇಸು

ರಾಣಿ ತೀರಿಕೊಂಡ ಸುದ್ದಿ ಬಂದಾಗ ನಾನು ಕೆನಡಾದ ನ್ಯೂಮಾರ್ಕೆಟ್ಟಿನ ಕೋರ್ಟಿನ ಕಾರಿಡಾರಿನಲ್ಲಿ ಕೂತು ಡಬ್ಬಿಯ ಮೊಸರನ್ನ ತಿನ್ನುತ್ತಿದ್ದೆ. ಎದುರಿನ ಬೆಂಚಿನಲ್ಲಿದ್ದ ವಕೀಲರೆಲ್ಲ ಒಟ್ಟಿಗೇ ಫೋನು ತೆಗೆದು ನೋಡಿದರು. ಒಬ್ಬಾಕೆ ಬಾಯಿಗೆ ಕೈ ಇಟ್ಟುಕೊಂಡಳು. ಸೆಕ್ಯುರಿಟಿಯವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಹೊರಗೆ ಬಾವುಟ ಅರ್ಧಕ್ಕೆ ಇಳಿಯಿತು. ನಾನು ಮೊಸರನ್ನ ಮುಗಿಸಿ ಡಬ್ಬಿ ತೊಳೆದುಕೊಂಡು ಬಂದೆ. ಮೈಸೂರಿನಲ್ಲಿ ಅರಮನೆಯ ಪಕ್ಕದ ಬೀದಿಯಲ್ಲೇ ಬೆಳೆದವಳು ನಾನು; ರಾಜ ರಾಣಿಯರ ವಿಷಯದಲ್ಲಿ ಅಷ್ಟು ಬೇಗ ಕರಗುವ ಪೈಕಿ ಅಲ್ಲ. ಹಳಬರು ಹೋದರು, ಹೊಸಬರು ಬಂದರು, ನಮ್ಮ ಕೆಲಸ ನಮಗೆ ಇದ್ದೇ ಇದೆ ಅಂದುಕೊಂಡೆ. ಆ ಸಾವು ನನ್ನ ಕೆಲಸದೊಳಕ್ಕೇ ಬಂದು ಕೂರುತ್ತದೆ ಅಂತ ಆಗ ಹೊಳೆಯಲಿಲ್ಲ.

ನಾನು ಕೋರ್ಟಿನ ದುಭಾಷಿ. ಇಂಗ್ಲಿಷಿನಲ್ಲಿ ನಡೆಯುವುದನ್ನು ಆರೋಪಿಯ ಕಿವಿಯ ಬಳಿ ಪಿಸುಮಾತಿನಲ್ಲಿ ಕನ್ನಡಕ್ಕೆ ತಿರುಗಿಸುತ್ತಾ ಹೋಗಬೇಕು. ಅವನು ಸಾಕ್ಷಿಕಟ್ಟೆ ಹತ್ತಿ ಮಾತಾಡಿದರೆ ಅದನ್ನು ಗಟ್ಟಿಯಾಗಿ ಇಂಗ್ಲಿಷಿಗೆ ತಿರುಗಿಸಬೇಕು. ಅವನು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ನನ್ನ ಸ್ವಂತದ್ದೇನಾದರೂ ಹೇಳುವುದಿದ್ದರೆ ‘ದುಭಾಷಿ ವಿನಂತಿಸುತ್ತಾರೆ’ ಅಂತ ಮೂರನೆಯವರ ಹಾಗೆ ಎದ್ದು ನಿಂತು ಹೇಳಬೇಕು. ಸೇರಿಸುವಂತಿಲ್ಲ, ಬಿಡುವಂತಿಲ್ಲ, ತಿದ್ದುವಂತಿಲ್ಲ. ಆರೋಪಿ ಬೈದರೆ ನಾನೂ ಅದೇ ಬೈಗುಳ ಬೈಯಬೇಕು. ಒಮ್ಮೆ ಹಾಗೆ ಬೈದು ಮನೆಗೆ ಬಂದು ನನ್ನ ಗಂಡನಿಗೆ ಹೇಳಿದೆ. ದುಡ್ಡು ಕೊಟ್ಟು ಬೈಸುವ ಕೆಲಸ ನಿನಗೆ ಸರಿಯಾಗಿ ಒಗ್ಗಿದೆ ಅಂದರು. ಆ ರಾತ್ರಿ ಅವರಿಗೆ ನಿನ್ನೆಯ ಸಾರೇ ಗತಿಯಾಯಿತು.

ಆ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದಿದ್ದು ಹಲ್ಲೆಯ ಕೇಸು. ಆರೋಪಿ ಕಾರ್ಕಳದ ಕಡೆಯವರು, ಐವತ್ತು ದಾಟಿದವರು. ಮನೆಮಾತು ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ಹೆಂಡತಿ ನರ್ಸು, ಮಗಳನ್ನು ಕಟ್ಟಿಕೊಂಡು ಆಕೆ ಮೊದಲು ಬಂದಿದ್ದರು, ಇವರು ಮಸ್ಕತ್ತಿನಲ್ಲಿ ದುಡಿಯುತ್ತಿದ್ದು ಎಷ್ಟೋ ವರ್ಷ ಕಳೆದು ಬಂದು ಸೇರಿಕೊಂಡವರು. ವಾನ್ ಅನ್ನುವ ಊರಿನ ಒಂದು ವೇರ್‌ಹೌಸಿನಲ್ಲಿ ಟ್ರಕ್ಕಿಗೆ ಸರಕು ತುಂಬುವ ಕೆಲಸ. ಅಲ್ಲಿಗೆ ಬಂದ ಒಬ್ಬ ಟ್ರಕ್ ಡ್ರೈವರ್, ಲೋಡು ತಡವಾಯಿತೆಂದು ಕೂಗಾಡಿದ್ದ. ಇವರು ಅವನ ಎದೆಗೆ ಕೈಕೊಟ್ಟು ದೂಡಿದ್ದರು. ಅವನು ಹಿಂದಕ್ಕೆ ಬಿದ್ದು ಮಣಿಕಟ್ಟು ಮುರಿದಿತ್ತು. ಇಷ್ಟು ಎಲ್ಲರೂ ಒಪ್ಪಿದ ಮಾತು, ಕ್ಯಾಮರಾದಲ್ಲೂ ಇತ್ತು. ಪಕ್ಕದಲ್ಲಿ ಎತ್ತರಕ್ಕೆ ಜೋಡಿಸಿದ್ದ ಪೆಟ್ಟಿಗೆಗಳ ಅಟ್ಟಿ ಅವನ ಮೇಲೆ ವಾಲಿತು, ಅದಕ್ಕೇ ದೂಡಿದೆ ಅನ್ನುವುದು ಇವರ ಮಾತು. ಆ ಅಟ್ಟಿ ಕ್ಯಾಮರಾದ ಕಣ್ಣಿಗೆ ಬಿದ್ದಿರಲಿಲ್ಲ. ಅದು ಕೊನೆಗೆ ಕೆಳಗೂ ಬಿದ್ದಿರಲಿಲ್ಲ.

ಇವರಿಗೆ ಜೈಲಿನ ಭಯಕ್ಕಿಂತ ಇನ್ನೊಂದು ಭಯ ದೊಡ್ಡದಿತ್ತು. ಹೆಂಡತಿಗೂ ಮಗಳಿಗೂ ಕೆನಡಾದ ಪೌರತ್ವ ಸಿಕ್ಕಿಯಾಗಿತ್ತು. ಇವರ ಅರ್ಜಿ ಈ ಕೇಸಿನಿಂದಾಗಿ ನಿಂತುಹೋಗಿತ್ತು. ತಪ್ಪಿತಸ್ಥ ಅಂತಾದರೆ ಎಷ್ಟೋ ವರ್ಷ ಆ ಕಡೆ ತಲೆಹಾಕುವಂತಿಲ್ಲ. ವಕೀಲರ ಜೊತೆ ಕೂತು ಮಾತಾಡುವಾಗ ಇವರು ಕೇಳಿದ್ದು ಒಂದೇ ಪ್ರಶ್ನೆ, ಅದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿದೆ: ಏರ್‌ಪೋರ್ಟಿನಲ್ಲಿ ಅವರಿಬ್ಬರು ಒಂದು ಸಾಲಿನಲ್ಲಿ, ನಾನು ಇನ್ನೊಂದು ಸಾಲಿನಲ್ಲಿ, ಇದು ಎಲ್ಲಿಯವರೆಗೆ?

ಮೊದಲ ದಿನ ಡ್ರೈವರ್ ಸಾಕ್ಷಿ ಹೇಳಿದ. ಈ ಮನುಷ್ಯ ಸಿಟ್ಟಿನಿಂದ ದೂಡಿದ, ಯಾವ ಪೆಟ್ಟಿಗೆಯೂ ವಾಲಲಿಲ್ಲ ಅಂದ. ನಾನು ಪಿಸುಗುಟ್ಟುತ್ತಾ ಹೋದೆ. ಮಧ್ಯೆ ಇವರು ತಾಳ್ಮೆಗೆಟ್ಟು ತುಳುವಿನಲ್ಲಿ ಏನೋ ಅಂದುಬಿಟ್ಟರು. ನನಗೆ ತುಳು ಬರುವುದಿಲ್ಲ. ಎದ್ದು ನಿಂತು, ಆರೋಪಿ ದುಭಾಷಿಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿದ್ದಾರೆ ಎಂದು ಕೋರ್ಟಿಗೆ ತಿಳಿಸಿದೆ. ಇವರ ವಕೀಲ ಬ್ರಾಂಪ್ಟನ್ನಿನ ಪಂಜಾಬಿ ಹುಡುಗ. “ಅಂಕಲ್‌ಜೀ, ಸಿರ್ಫ್ ಕನ್ನಡಾ” ಅಂತ ಕೈಮುಗಿದ. ಇವರ ಸರದಿ ಬರುವಷ್ಟರಲ್ಲಿ ಹೊತ್ತಾಯಿತು. ಮುಂದಿನ ತಾರೀಕು ಚಳಿಗಾಲದ ಹೊಸ್ತಿಲಿಗೆ ಹೋಯಿತು. ಆ ನಡುವೆ ರಾಣಿ ಹೋದರು.

ಬ್ರಿಟಿಷ್ ಸಿಂಹಾಸನವೇ ಕೆನಡಾಕ್ಕೂ ಸಿಂಹಾಸನ; ಈ ದೇಶದಲ್ಲಿ ಕ್ರಿಮಿನಲ್ ಕೇಸು ಹೂಡುವುದು ಅದರ ಹೆಸರಿನಲ್ಲಿ. ಸರ್ಕಾರಿ ವಕೀಲರನ್ನು ಕರೆಯುವುದೇ ‘ಕ್ರೌನ್’ ಅಂತ, ಅಂದರೆ ಕಿರೀಟ. ಕಾಗದಗಳ ಮೇಲೆ ಘನತೆವೆತ್ತ ರಾಣಿ ಒಂದು ಪಕ್ಷ, ನಮ್ಮ ಕಾರ್ಕಳದವರು ಇನ್ನೊಂದು ಪಕ್ಷ. ರಾಣಿ ತೀರಿಕೊಂಡ ಮಾರನೆಯ ಬೆಳಿಗ್ಗೆ ಕ್ಲರ್ಕು ಎದ್ದು, ಆ ದಿನದ ಮೊದಲ ಕೇಸನ್ನು ‘ಘನತೆವೆತ್ತ ರಾಜರು’ ಅಂತ ಕರೆದಳು. ಒಂದು ಸಲ ತಡವರಿಸಿದಳು, ಆಮೇಲೆ ಸರಾಗವಾಯಿತು. ಟಿವಿಯಲ್ಲಿ ಕುದುರೆ, ಬ್ಯಾಂಡು, ಕಪ್ಪು ಕಾರು ಎಲ್ಲ ತೋರಿಸುತ್ತಿದ್ದರು. ನಾನು ಕಣ್ಣಾರೆ ಕಂಡ ರಾಜ್ಯದ ಹಸ್ತಾಂತರ ಇಷ್ಟೇ: ಒಬ್ಬ ಕ್ಲರ್ಕು ಗಂಟಲು ಸರಿಮಾಡಿಕೊಂಡಿದ್ದು.

ಹೊರಗೆ ಮಾತ್ರ ಕಥೆಗಳು ಹುಟ್ಟಿಕೊಂಡವು. ವಿಟ್ಬಿಯಲ್ಲಿ ನಮ್ಮ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೇಸ್‌ಮೆಂಟಿನಲ್ಲಿ ಚಾಪೆ ಹಾಸಿ ಕೂತವರೆಲ್ಲರಿಗೂ ಅದೇ ಮಾತು. ರಾಣಿಯ ಮುಖ ಇರುವ ನೋಟು ಇನ್ನು ನಡೆಯುವುದಿಲ್ಲವಂತೆ, ಒಬ್ಬ ಅಜ್ಜಿ ಆಗಲೇ ಮೊಮ್ಮಗನಿಗೆ ಹೇಳಿ ಬದಲಾಯಿಸಲು ಕಳಿಸಿದ್ದಾರೆ. ಪೌರತ್ವದ ಪ್ರಮಾಣ ರಾಣಿಯ ಹೆಸರಿನಲ್ಲಿ ಮಾಡಿದವರು ಈಗ ರಾಜನ ಹೆಸರಿನಲ್ಲಿ ಮತ್ತೆ ಮಾಡಬೇಕಂತೆ. ನೋಟು ನಡೆಯುತ್ತದೆ ಕಣ್ರೀ ಅಂದೆ. ಪ್ರಮಾಣವಚನದಲ್ಲಿ ‘ಅವರ ಉತ್ತರಾಧಿಕಾರಿಗಳಿಗೆ’ ಅಂತ ಅವತ್ತೇ ಹೇಳಿದ್ದೀರಿ, ನಿಮಗೆ ನೆನಪಿಲ್ಲ ಅಷ್ಟೇ ಅಂದೆ. ಹತ್ತಿರದಲ್ಲಿ ಕೂತಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಮಹಾಶಯರೊಬ್ಬರು ಒಪ್ಪಲಿಲ್ಲ. ಅವರು ಯಾವುದನ್ನೂ ಅರ್ಧ ಗೊತ್ತು ಅಂತ ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಕಿರೀಟಧಾರಣೆ ಮುಂದಿನ ವರ್ಷ ಮೇಡಂ, ಅಲ್ಲಿವರೆಗೆ ಅವರು ಟೆಕ್ನಿಕಲಿ ರಾಜನೇ ಅಲ್ಲ ಅಂದರು.

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಆಚೆ ಸಾಲಿನಲ್ಲಿ ಬಕೆಟ್ಟು ಹಿಡಿದು ಸಾಂಬಾರು ಬಡಿಸುತ್ತಿದ್ದವರು ಕಣ್ಣಿಗೆ ಬಿದ್ದರು. ಕಾರ್ಕಳದವರು! ಕೇಸು ನಡೆಯುತ್ತಿರುವಾಗ ಆರೋಪಿಯ ಜೊತೆ ದುಭಾಷಿ ಹೊರಗೆ ಎಲ್ಲೂ ಮಾತಾಡುವಂತಿಲ್ಲ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಂತೂ ಬೇಡವೇ ಬೇಡ. ಅವರೂ ನನ್ನನ್ನು ನೋಡಿ ಬಕೆಟ್ಟಿನ ಸಮೇತ ಆ ಕಡೆ ತಿರುಗಿದರು. ಮನೆಯವರಿಗೆ ತಲೆನೋವೆಂದು ಹೇಳಿ ಪ್ರಸಾದ ಮಾತ್ರ ಕೈಯಲ್ಲಿ ಹಿಡಿದುಕೊಂಡು ಹೊರಟೆ. ಮೆಟ್ಟಿಲು ಹತ್ತುವಾಗ ಹೋಳಿಗೆಯ ಪರಿಮಳ. ಹೊಟ್ಟೆ ಉರಿದುಹೋಯಿತು. ನಾನು ಹೊರಟ ಮೇಲೆ ಆ ಬೇಸ್‌ಮೆಂಟಿನಲ್ಲಿ ಮಾತು ಎಲ್ಲಿಗೆ ಹೋಯಿತು ಅನ್ನುವುದು ನನಗೆ ತಿಳಿದದ್ದು ಕೋರ್ಟಿನಲ್ಲಿ.

ಆ ತಾರೀಕು ಬಂತು. ರಸ್ತೆಯಲ್ಲಿ ಮೊದಲ ಹಿಮ. ನಾನು ಎಂದಿನಂತೆ ನಿಷ್ಠೆಯಿಂದ ಭಾಷಾಂತರಿಸುತ್ತೇನೆಂದು ಪ್ರಮಾಣ ಮಾಡಿ, ಬರೆದುಕೊಳ್ಳುವ ಪ್ಯಾಡು, ನೀರು, ಗಂಟಲಿಗೆ ಪೆಪ್ಪರ್‌ಮಿಂಟು ಜೋಡಿಸಿಕೊಂಡು ಕೂತೆ. ಪಕ್ಕದ ಕುರ್ಚಿ ಖಾಲಿ. ಕ್ಲರ್ಕು ಹೆಸರು ಕರೆದಳು. ಕಾರಿಡಾರಿನ ಸ್ಪೀಕರಿನಲ್ಲೂ ಕರೆದರು. ಯಾರೂ ಬರಲಿಲ್ಲ. ಪಂಜಾಬಿ ಹುಡುಗನ ಮುಖ ಬಿಳಚಿಕೊಂಡಿತು. ನೋಟೀಸು ಕಳಿಸಿದ್ದೇವೆ, ಪ್ರತಿಸಲವೂ ಸರಿಯಾಗಿ ಬಂದವರು, ಫೋನು ಎತ್ತುತ್ತಿಲ್ಲ ಅಂತ ತೊದಲಿದ. ಕ್ರೌನ್ ವಕೀಲೆ ಎತ್ತರದ ಹೆಂಗಸು, ನಗುವುದನ್ನು ನಾನು ಎಂದೂ ಕಂಡಿರಲಿಲ್ಲ. ಆಕೆ ಎದ್ದು ನೇರವಾಗಿ ವಾರಂಟು ಕೇಳಿದಳು.

ವಾರಂಟು ಅಂದರೆ ಬಂಧನ. ಅದರ ಮೇಲೆ ಕೋರ್ಟಿಗೆ ಹಾಜರಾಗದ ತಪ್ಪಿಗೆ ಬೇರೆಯದೇ ಕೇಸು. ದೂಡಿದ ಕೇಸಿನಿಂದ ಪಾರಾದರೂ ಅದರಿಂದ ಪಾರಾಗುವುದು ಕಷ್ಟ. ಪೌರತ್ವದ ಬಾಗಿಲಿಗೆ ಇವರು ತಾವೇ ಹೊರಗಿನಿಂದ ಚಿಲಕ ಹಾಕಿಕೊಂಡಂತೆ. ಮಾತಾಡದೆ ಕೂರುವುದು ನನಗೆ ಹುಟ್ಟಿನಿಂದಲೇ ಕಷ್ಟ. ಅವತ್ತು ಪೆಪ್ಪರ್‌ಮಿಂಟು ಕಚ್ಚಿಕೊಂಡು ಕೂತಿದ್ದೆ. ನ್ಯಾಯಾಧೀಶರು ನಿವೃತ್ತಿಯ ಹತ್ತಿರದವರು, ಮೆಲುದನಿಯ ಮನುಷ್ಯ. ಗಡಿಯಾರ ನೋಡಿ, ಊಟದ ನಂತರ ಕೋರ್ಟು ಸೇರುವವರೆಗೆ ವಾರಂಟು ತಡೆಹಿಡಿಯುತ್ತೇನೆ, ಅಷ್ಟರಲ್ಲಿ ಬಂದರೆ ಬರಲಿ ಅಂದರು.

ಹುಡುಗ ಕಾರಿಡಾರಿಗೆ ಓಡಿ ಮಗಳಿಗೆ ಫೋನು ಹಚ್ಚಿದ. ಆಕೆ ಟೊರೊಂಟೊದಲ್ಲಿ ಓದುವವಳು. ತಾಯಿ ಆ ತಿಂಗಳು ಅಕ್ಕನ ಮಗಳ ಮದುವೆಗೆಂದು ಊರಿಗೆ ಹೋಗಿದ್ದರು, ಮನೆಯಲ್ಲಿ ಅಪ್ಪನೊಬ್ಬರೇ. ಅವಳು ವೇರ್‌ಹೌಸಿನ ಸೂಪರ್‌ವೈಸರಿಗೆ ಫೋನು ಮಾಡಿದಳು. ಅಪ್ಪ ಶಿಫ್ಟಲ್ಲಿದ್ದರು, ನಿಶ್ಚಿಂತೆಯಿಂದ ಪೆಟ್ಟಿಗೆ ಎತ್ತುತ್ತಿದ್ದರು. ಅವಳೇ ಹೋಗಿ ಕಾರಿನಲ್ಲಿ ಕೂರಿಸಿಕೊಂಡು ಬಂದಳು. ಹಳದಿ ಜಾಕೆಟ್ಟು, ಉಕ್ಕಿನ ತುದಿಯ ಬೂಟು, ತಲೆಯ ಮೇಲೆ ಹಿಮ, ಹಾಗೇ ಬಂದು ನಿಂತರು. ಭಯಕ್ಕಿಂತ ಹೆಚ್ಚಾಗಿ ಮುಖದಲ್ಲಿ ಆಶ್ಚರ್ಯ ಇತ್ತು. ಕಕ್ಷಿದಾರರ ಜೊತೆ ಮಾತಾಡುವ ಪುಟ್ಟ ಕೋಣೆಯಲ್ಲಿ ವಕೀಲ ಪ್ರಶ್ನೆ ಕೇಳಿದ, ನಾನು ತಿರುಗಿಸಿದೆ.

“ಎಂತ ಕೇಸು ಮಾರಾಯ್ರೆ? ಕೇಸು ಹಾಕಿದವರೇ ಹೋದ್ರಲ್ಲ” ಅಂದರು.

ನೋಟೀಸು ಬರಲಿಲ್ಲವೇ ಅಂದರೆ, ಬಂದಿತ್ತು, ಆದರೆ ಅದು ರಾಜನ ಕೇಸು, ನನ್ನದು ರಾಣಿಯ ಕೇಸು, ಯಾರದ್ದೋ ನನಗೆ ತಪ್ಪಿ ಬಂದಿದೆ ಅಂದುಕೊಂಡೆ ಅಂದರು. ವಕೀಲ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಇವರು ಇನ್ನೂ ವಿವರವಾಗಿ, ತಮ್ಮ ಊರಿನ ಪದ್ಧತಿ, ತಾವು ಮನೆಯಲ್ಲಿ ಮಾಡಿದ್ದು ಎಲ್ಲವನ್ನೂ ಹೇಳಿದರು. ನಾನು ಹೇಳುತ್ತಾ ಹೋದಂತೆ ಮಗಳ ಕಿವಿ ಕೆಂಪಾಯಿತು. “ಅಪ್ಪಾ, ಪ್ಲೀಸ್. ನಾಟ್ ದಟ್ ಪಾರ್ಟ್” ಅಂದಳು. ವಕೀಲ ಹೇಳಿದ್ದು ಸರಿಯಾಗಿಯೇ ಇತ್ತು: ಜಡ್ಜು ಕೇಳಿದರೆ ನಿಜ ಹೇಳಿ, ಚಿಕ್ಕದಾಗಿ ಹೇಳಿ.

ಹೊರಗೆ ಬರುವಾಗ ಮಗಳು ನನ್ನ ಪಕ್ಕಕ್ಕೆ ಬಂದಳು. ಇಷ್ಟು ಹೊತ್ತು ಇಂಗ್ಲಿಷಿನಲ್ಲೇ ಮಾತಾಡಿದವಳು, ಕನ್ನಡಕ್ಕೆ ಬಂದಳು. “ಆಂಟಿ, ದೀಪದ ವಿಷಯ ನೀವು ಹೇಳ್ಬೇಡಿ. ಎಲ್ಲ ನಗ್ತಾರೆ. ನಮಗೆ ಬಿಟ್ರೆ ಯಾರಿಗೂ ಗೊತ್ತಾಗೂದಿಲ್ಲ ಅಲ್ವಾ?”

ನಾನು ಉತ್ತರ ಕೊಡುವಂತಿರಲಿಲ್ಲ. ಆದರೆ ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಕೋರ್ಟಿನೊಳಗೆ ಕನ್ನಡ ಬಲ್ಲವರು ಅವರಿಬ್ಬರು, ನಾನು. ‘ತಮ್ಮ ಊರಿನ ಪದ್ಧತಿಯಿಂದಾಗಿ ತಪ್ಪು ತಿಳಿದರಂತೆ’ ಅಂತ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರೆ ಕೇಳುವವರಿಲ್ಲ. ಮನುಷ್ಯ ಗೌರವಸ್ಥರಾಗಿ ಕಾಣುತ್ತಾರೆ, ಹುಡುಗಿಗೂ ಸಮಾಧಾನ. ನನಗೂ ಅದೇ ಬೇಕಾಗಿತ್ತು ಅಂತ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಇಷ್ಟು ವರ್ಷ ಬದುಕಿದ ಮೇಲೂ, ನಮ್ಮವರೊಬ್ಬರು ಬಿಳಿಯರ ಎದುರು ಪೆದ್ದರಾಗಿ ಕಾಣುತ್ತಾರೆ ಅಂದರೆ ನನ್ನ ಬೆನ್ನು ಬೆವರುತ್ತದೆ.

ಕೋರ್ಟು ಸೇರಿತು. ಮಧ್ಯಾಹ್ನದ ಇನ್ನೊಂದು ಕೇಸಿಗೆ ಬಂದವರೂ ಕೂತಿದ್ದರು, ಹಿಂದಿನ ಬೆಂಚುಗಳು ಭರ್ತಿ. ಕ್ರೌನ್ ವಕೀಲೆ ಪಟ್ಟು ಸಡಿಲಿಸಲಿಲ್ಲ. ಈ ಮನುಷ್ಯ ಹಿಂದೆ ಎಲ್ಲ ತಾರೀಕಿಗೂ ಬಂದಿದ್ದಾರೆ, ಪದ್ಧತಿ ಚೆನ್ನಾಗಿ ಗೊತ್ತಿದೆ, ರಾಣಿ ಸತ್ತರೆಂದು ಕೇಸು ಮುಗಿಯಿತೆಂದರೆ ಯಾರು ನಂಬುತ್ತಾರೆ ಅಂದಳು. ನ್ಯಾಯಾಧೀಶರು ಅವರನ್ನೇ ಕೇಳುತ್ತೇನೆ ಅಂದರು. ಇವರು ಸಾಕ್ಷಿಕಟ್ಟೆ ಹತ್ತಿ ಪ್ರಮಾಣ ಮಾಡಿದರು. ನಾನು ಪಕ್ಕದಲ್ಲಿ ನಿಂತೆ.

ಕೇಸು ಮುಗಿಯಿತೆಂದು ಏಕೆ ತಿಳಿದಿರಿ ಅನ್ನುವುದು ಪ್ರಶ್ನೆ. ಇವರು ಚಿಕ್ಕದಾಗಿ ಹೇಳುವ ಜಾಯಮಾನದವರಲ್ಲ. ಪೂಜೆಯ ಮನೆಯಲ್ಲಿ ಓದಿದ ದೊಡ್ಡ ಮನುಷ್ಯರೊಬ್ಬರು, ಫಿರ್ಯಾದಿ ಸತ್ತರೆ ಕೇಸು ಬಿದ್ದುಹೋಗುತ್ತದೆ, ಹೊಸ ರಾಜನಿಗೆ ಕಿರೀಟ ಇನ್ನೂ ಬಂದಿಲ್ಲ ಅಂದರು, ಅಂತ ಶುರುಮಾಡಿದರು. ನನಗೆ ಸಾಫ್ಟ್‌ವೇರ್ ಮಹಾಶಯರ ಮುಖ ಕಣ್ಣಿಗೆ ಕಟ್ಟಿತು. ಅದನ್ನು ನುಂಗಿಕೊಂಡು ತಿರುಗಿಸಿದೆ. ಆಮೇಲೆ ಇವರು ತಮ್ಮ ಗುತ್ತಿನ, ಅಂದರೆ ತುಳುನಾಡಿನ ಹಳೆಯ ದೊಡ್ಡ ಮನೆತನದ, ವಿಷಯಕ್ಕೆ ಬಂದರು. ‘ಗಡಿ’ ಅನ್ನುವ ಮಾತು ಬಂತು. ನಮ್ಮ ಮೈಸೂರಿನ ಕಡೆ ಗಡಿಯೆಂದರೆ ಎಲ್ಲೆ. ಇಲ್ಲಿ ಅದಲ್ಲ ಅಂತ ಕಂಡಿತು. ದುಭಾಷಿ ಒಂದು ಪದದ ವಿವರಣೆ ಕೇಳಲು ಅನುಮತಿ ಬೇಡುತ್ತಾರೆ ಅಂದೆ, ಕೊಟ್ಟರು, ಕೇಳಿದೆ.

“ಅದು ದೈವದ ಚಾವಡಿಯ ಯಜಮಾನಿಕೆ. ನಮ್ಮ ಗುತ್ತಿನ ಮನೆಯಲ್ಲಿ ಗಡಿ ಹಿಡಿದವರು ತೀರಿಕೊಂಡ್ರೆ ಹೊಸಬರು ಗಡಿ ಏರುವವರೆಗೆ ದೈವಕ್ಕೆ ನೇಮೋತ್ಸವವೂ ಇಲ್ಲ, ನ್ಯಾಯ ತೀರ್ಮಾನವೂ ಇಲ್ಲ. ಇಲ್ಲಿಯೂ ಹಾಗೇ ಅಂತ ತಿಳ್ಕೊಂಡೆ” ಅಂದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. “ಮತ್ತೆ, ಹೋದವರ ಹತ್ರ ನಮ್ಗೆ ವ್ಯಾಜ್ಯ ಇತ್ತಲ್ಲ. ವ್ಯಾಜ್ಯ ಇಟ್ಕೊಂಡು ಸತ್ತವರ ಆತ್ಮಕ್ಕೆ ಶಾಂತಿ ಇಲ್ಲ. ಹಾಗೆ ಪೇಪರಿನಲ್ಲಿ ಬಂದ ಅವರ ಫೋಟೋ ಕತ್ತರಿಸಿ ದೇವರ ಪಕ್ಕದಲ್ಲಿ ಇಟ್ಟು, ಒಂದು ದೀಪ ಹಚ್ಚಿದೆ. ಅಮ್ಮ, ನಾನು ಅವನನ್ನು ದೂಡಿದ್ದು ಸಿಟ್ಟಿಂದ ಅಲ್ಲ, ನಿಮ್ಗೆ ತಪ್ಪು ತಿಳಿಸಿದ್ದಾರೆ, ನನ್ನ ಮೇಲೆ ಬೇಜಾರು ಇಟ್ಕೊಂಡು ಹೋಗ್ಬೇಡಿ ಅಂತ ಹೇಳಿದೆ. ಅಲ್ಲಿಗೆ ಮುಗೀತು ಅಂತ ನಾನು.”

ಪ್ಯಾಡಿನ ಮೇಲೆ ನನ್ನ ಗೀಟುಗಳಿದ್ದವು: ಪೇಪರು, ಕತ್ತರಿ, ದೀಪ, ಅಮ್ಮ. ತಲೆ ಎತ್ತಿದೆ. ಹಿಂದಿನ ಬೆಂಚಿನಿಂದ ಮಗಳು ಬೇಡ ಅನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ಇವರು ನನ್ನ ಬಾಯನ್ನೇ ನೋಡುತ್ತಿದ್ದರು. ಆ ನೋಟ ನೋಡಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಈ ಮನುಷ್ಯನಿಗೆ ನಾಚಿಕೆಯೇ ಇಲ್ಲದ ಕಡೆ ನಾನ್ಯಾರು ನಾಚಲು? ಅವರ ಮಾತಿಗೆ ಇಸ್ತ್ರಿ ಮಾಡಿ ಕೊಡಲು ನನ್ನನ್ನು ಇಲ್ಲಿ ನಿಲ್ಲಿಸಿಲ್ಲ. ಇದ್ದದ್ದು ಇದ್ದ ಹಾಗೆ ಹೋಗಲಿ ಅಂತ ತೀರ್ಮಾನಿಸಿದೆ.

ಗಂಟಲು ಬಿಚ್ಚಿ, ಒಂದೂ ಬಿಡದೆ ಹೇಳಿದೆ. ನಾನು ಪತ್ರಿಕೆಯಿಂದ ಘನತೆವೆತ್ತ ರಾಣಿಯವರ ಚಿತ್ರ ಕತ್ತರಿಸಿದೆ. ದೇವರ ಪಕ್ಕದಲ್ಲಿ ಇಟ್ಟೆ. ದೀಪ ಹಚ್ಚಿದೆ. ಅಮ್ಮ ಅಂತ ಕರೆದೆ. ಇಂಗ್ಲಿಷಿನಲ್ಲಿ, ನನ್ನದೇ ಬಾಯಿಂದ, ನನ್ನದೇ ‘ನಾನು’ ಹಾಕಿ. ಎರಡನೆಯ ವಾಕ್ಯಕ್ಕೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ದನಿ ತಗ್ಗಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ‘ನನ್ನ ಮೇಲೆ ಬೇಸರ ಇಟ್ಟುಕೊಂಡು ಹೋಗಬೇಡಿ’ ಅನ್ನುವ ಹೊತ್ತಿಗೆ ಹಿಂದಿನ ಬೆಂಚಿನ ನಗು ನಿಂತಿತ್ತು. ಕ್ರೌನ್ ವಕೀಲೆ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಇವರ ಕಡೆಗೇ ತಿರುಗಿ, ಶಾಲೆಯ ಮೇಷ್ಟರ ಹಾಗೆ ವಿವರಿಸಿದರು. ಸಿಂಹಾಸನದಲ್ಲಿ ಕೂತವರು ತೀರಿಕೊಳ್ಳುತ್ತಾರೆ, ಸಿಂಹಾಸನ ಮಾತ್ರ ಒಂದು ಗಳಿಗೆಯೂ ಖಾಲಿ ಇರುವುದಿಲ್ಲ. ತಾಯಿ ಕಣ್ಣುಮುಚ್ಚಿದ ಕ್ಷಣದಲ್ಲೇ ಮಗ ರಾಜ. ಕಿರೀಟಧಾರಣೆ ಹಬ್ಬ, ಅದಕ್ಕಾಗಿ ಯಾವ ಕಾನೂನೂ ಕಾದು ಕೂರುವುದಿಲ್ಲ. ಕೇಸು ಹೂಡಿದ್ದು ವ್ಯಕ್ತಿಯಲ್ಲ, ಆ ಪೀಠ. ನಾನು ಅದನ್ನು ಕನ್ನಡಕ್ಕೆ ತಂದಾಗ ಇವರು ಮನಸ್ಸಿಟ್ಟು ಕೇಳಿ, “ಹಾಗಾದ್ರೆ ನಮ್ಮದಕ್ಕಿಂತ ಇವರದ್ದು ಗಟ್ಟಿ ವ್ಯವಸ್ಥೆ” ಅಂದರು. ಅದನ್ನೂ ತಿರುಗಿಸಿದೆ. ಈ ಸಲ ನಕ್ಕವರು ನ್ಯಾಯಾಧೀಶರೇ.

ನ್ಯಾಯಾಧೀಶರು ವಾರಂಟು ಕೈಬಿಟ್ಟರು. ಟ್ರಯಲ್ ಆವತ್ತೇ ಮುಂದುವರಿಯಲಿ ಅಂದರು.

ಮಧ್ಯಾಹ್ನದುದ್ದಕ್ಕೂ ಇವರ ಸಾಕ್ಷಿ. ಹಳದಿ ಜಾಕೆಟ್ಟಿನಲ್ಲೇ ನಿಂತು ಹೇಳಿದರು. ಪೆಟ್ಟಿಗೆಗಳ ಸುತ್ತ ಬಿಗಿದ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಹರಿದಿತ್ತು. ಡ್ರೈವರ್ ಅದಕ್ಕೆ ಬೆನ್ನು ಹಾಕಿ ನಿಂತು ಕೂಗಾಡುತ್ತಿದ್ದ. ಮೇಲಿನ ಸಾಲು ಅವನ ತಲೆಯ ಕಡೆಗೆ ಸರಿಯಿತು. ಹೋಯ್ ಅಂದೆ, ಅವನು ಸರಿಯಲಿಲ್ಲ, ದೂಡಿದೆ. ಕೈಯಲ್ಲಿ ಮಾಡಿ ತೋರಿಸಿದರು. ಕೈಸನ್ನೆ ರೆಕಾರ್ಡಿಗೆ ಬರುವುದಿಲ್ಲ. ಸಾಕ್ಷಿ ಎರಡೂ ಅಂಗೈಯನ್ನು ಮುಂದಕ್ಕೆ ಚಾಚಿದ್ದಾರೆ ಅಂತ ನ್ಯಾಯಾಧೀಶರು ಬಾಯಿಬಿಟ್ಟು ಹೇಳಿ ಸೇರಿಸಿಕೊಂಡರು.

ಕ್ರೌನ್ ವಕೀಲೆಯ ಸರದಿ ಬಂತು. ಹೆಂಗಸು ತನ್ನ ಕೆಲಸದಲ್ಲಿ ಗಟ್ಟಿಗಿತ್ತಿ, ಅದರಲ್ಲಿ ಎರಡು ಮಾತಿಲ್ಲ. ಅವನು ನಿಮ್ಮನ್ನು ಬೈಯುತ್ತಿದ್ದ ತಾನೆ ಅಂದಳು. ಹೌದು. ನಿಮಗೆ ಸಿಟ್ಟು ಬಂದಿರಲಿಲ್ಲವೇ? ಪಂಜಾಬಿ ಹುಡುಗ ಕಣ್ಣುಮುಚ್ಚಿಕೊಂಡ. ಬಂದಿತ್ತು, ಅಂದರು ಇವರು, ಸಿಟ್ಟು ಬಾರದೆ ಇರುತ್ತದಾ? ಸಿಟ್ಟು ಬಂದದ್ದು ಹೌದು, ದೂಡಿದ್ದು ಅದಕ್ಕಲ್ಲ. ಒಂದು ಪೆಟ್ಟಿಗೆಯೂ ಬೀಳಲಿಲ್ಲವಲ್ಲ ಅಂತ ಅವಳು ಒತ್ತಿದಳು.

“ಬೀಳ್ಲಿಲ್ಲ. ಬಿದ್ದಿದ್ರೆ ನಾನು ಇಲ್ಲಿಗೆ ಬರ್ಬೇಕಾಗಿಯೇ ಇರ್ಲಿಲ್ಲ. ಅವನೇ ನನಗೆ ಚಾ ಕುಡಿಸ್ತಿದ್ದ” ಅಂದರು.

ನನ್ನ ಗಂಟಲು ಒಣಗಿ ಕಟ್ಟಿಕೊಳ್ಳುತ್ತಿತ್ತು, ಮೆದುಳು ಬಿಸಿಯಾಗಿತ್ತು. ಎರಡು ಭಾಷೆಯ ನಡುವೆ ಅಷ್ಟು ಹೊತ್ತು ಓಡಾಡಿದರೆ ಕೊನೆಗೆ ನಮ್ಮ ಹೆಸರೇ ಮರೆತುಹೋಗುತ್ತದೆ. ಆದರೆ ಅವತ್ತು ಒಂದು ಮಾತಿಗೂ ನಾನು ತಡವರಿಸಲಿಲ್ಲ. ಆ ದೀಪದ ಮಾತನ್ನು ದಾಟಿಸಿದ ಮೇಲೆ ನನ್ನೊಳಗೆ ಯಾವುದೋ ಅಂಜಿಕೆ ಬಿಟ್ಟುಹೋಗಿತ್ತು.

ಸ್ವಲ್ಪ ವಿರಾಮ ತೆಗೆದುಕೊಂಡು ಬಂದ ನ್ಯಾಯಾಧೀಶರು ತೀರ್ಪು ಅಲ್ಲೇ ಹೇಳಿದರು. ಇದು ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎದುರಾಗಿರುವ ಕೇಸು, ಕ್ಯಾಮರಾ ಸಹಾಯ ಮಾಡುವುದಿಲ್ಲ, ಯಾರನ್ನು ನಂಬಬಹುದು ಅನ್ನುವುದಷ್ಟೇ ಪ್ರಶ್ನೆ ಅಂತ ಶುರುಮಾಡಿದರು. ನಾನು ಇವರ ಕಿವಿಯ ಬಳಿ ಬಾಗಿ ಪಿಸುಗುಟ್ಟುತ್ತಿದ್ದೆ. ನ್ಯಾಯಾಧೀಶರ ಮಾತು ನನ್ನ ಕನ್ನಡದಲ್ಲಿ ಹೀಗಿತ್ತು:

“ಈ ದಿನ ಬೆಳಿಗ್ಗೆ ಈ ವ್ಯಕ್ತಿ ಕೋರ್ಟಿಗೆ ಬರಲಿಲ್ಲ. ಮರೆತೆ ಅನ್ನಬಹುದಿತ್ತು, ಹುಷಾರಿಲ್ಲ ಅನ್ನಬಹುದಿತ್ತು. ಅವರು ನನಗೆ ದೀಪದ ವಿಷಯ ಹೇಳಿದರು. ಯಾರೂ ನೋಡದ ಕೋಣೆಯಲ್ಲಿ, ತನ್ನ ಮೇಲೆ ಕೇಸು ಹೂಡಿದವರೆಂದು ತಾನು ನಂಬಿದವರ ಮುಂದೆ, ಅವರು ಹೇಳಿಕೊಂಡದ್ದು ಕೂಡ ಇದೇ ಮಾತು: ಸಿಟ್ಟಿನಿಂದ ದೂಡಲಿಲ್ಲ. ಅವರ ಮಾತು ನಿಜವಿರಬಹುದೆಂದು ನನಗೆ ಅನ್ನಿಸುತ್ತದೆ. ಅಷ್ಟು ಸಾಕು. ಇವರು ನಿರ್ದೋಷಿ.”

‘ನಿರ್ದೋಷಿ’ ಅಂದಾಗ ನನ್ನ ಪಿಸುಮಾತು ಪಿಸುಮಾತಾಗಿ ಉಳಿಯಲಿಲ್ಲ, ಸ್ವಲ್ಪ ಗಟ್ಟಿಯಾಗಿಯೇ ಬಂತು. ಕ್ಲರ್ಕು ನನ್ನ ಕಡೆ ನೋಡಿದಳು. ನೋಡಲಿ ಬಿಡಿ! ಇವರು ಎದ್ದು ನಿಂತು ನ್ಯಾಯಾಧೀಶರಿಗೆ ಕೈಮುಗಿದರು, ಕ್ರೌನ್ ವಕೀಲೆಗೂ ಕೈಮುಗಿದರು. ಆಕೆ ಏನು ಮಾಡಬೇಕೆಂದು ತಿಳಿಯದೆ ತಾನೂ ಕೈಮುಗಿದಳು. ಮಗಳು ಬೆಂಚು ದಾಟಿ ಬಂದು ಹಳದಿ ಜಾಕೆಟ್ಟಿಗೆ ಮುಖ ಒತ್ತಿಕೊಂಡಳು. ಕಾರಿಡಾರಿನಲ್ಲಿ ಪಂಜಾಬಿ ಹುಡುಗ ನನ್ನ ಎದುರು ನಿಂತು, ಮೇಡಂಜೀ ಕಮಾಲ್ ಕರ್ ದಿಯಾ ಅಂದ. ದುಭಾಷಿ ಮಾಡಿದ್ದೇನೂ ಇಲ್ಲ ಅಂದೆ. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ಸ್ಟೀರಿಂಗಿಗೆ ಎರಡೇಟು ಬಾರಿಸಿ ಒಬ್ಬಳೇ ಜೋರಾಗಿ ನಕ್ಕೆ. ಮನೆಗೆ ಹೋಗುವಷ್ಟರಲ್ಲಿ ಗಂಟಲು ಪೂರ್ತಿ ಬಿದ್ದುಹೋಗಿತ್ತು. ನನ್ನ ಗಂಡನಿಗೆ ಇಂಥ ಸುಖ ಮದುವೆಯಾದ ಮೇಲೆ ಸಿಕ್ಕಿರಲಿಲ್ಲವಂತೆ.

ಮುಂದಿನ ವರ್ಷ ಕಿರೀಟಧಾರಣೆಯಾಯಿತು. ವಿಟ್ಬಿಯ ಅದೇ ಬೇಸ್‌ಮೆಂಟಿನಲ್ಲಿ ಬೆಳಗಿನ ಜಾವಕ್ಕೇ ಜನ ಸೇರಿ ದೊಡ್ಡ ಟಿವಿಯಲ್ಲಿ ನೋಡಿದರು. ಬಂಗಾರದ ರಥ, ಅಂಗಿಯ ಬಾಲ ಹಿಡಿದ ಮಕ್ಕಳು, ತುತ್ತೂರಿ. ಸಾಫ್ಟ್‌ವೇರ್ ಮಹಾಶಯರು ಗಂಭೀರವಾಗಿ, ಇವತ್ತಿನಿಂದ ಅಫಿಷಿಯಲ್ಲು ಅಂದರು. ನಾನು ಇಡ್ಲಿಯ ತಟ್ಟೆ ಹಿಡಿದುಕೊಂಡೇ ಅವರ ಪಕ್ಕಕ್ಕೆ ಹೋಗಿ ಕೂತೆ. ಸಿಂಹಾಸನ ಒಂದು ಗಳಿಗೆಯೂ ಖಾಲಿ ಇರುವುದಿಲ್ಲ ಅನ್ನುವುದನ್ನು ಮೊದಲಿಂದ ಕೊನೆಯವರೆಗೆ ಅವರಿಗೆ ತಿಳಿಸಿ ಹೇಳಿದೆ. ಅವರ ಇಡ್ಲಿ ತಣ್ಣಗಾಯಿತು. ಕೇಳಿ ಮುಗಿಸಿ, ನಾನೂ ಅದನ್ನೇ ಹೇಳ್ತಾ ಇದ್ದೆ ಮೇಡಂ ಅಂದರು.

ಇನ್ನೂ ಕೆಲವು ತಿಂಗಳಾದ ಮೇಲೆ ಕಾರ್ಕಳದವರ ಫೋನು ಬಂತು. ಪೌರತ್ವದ ಪ್ರಮಾಣಕ್ಕೆ ಕರೆ ಬಂದಿದೆ, ಈಗ ನಮ್ಮ ಜೊತೆ ಮಾತಾಡಬಹುದಲ್ಲ, ಬರಲೇಬೇಕು ಅಂತ. ಹೋದೆ. ಕೇಸು ಮುಗಿದು ಎಷ್ಟೋ ಕಾಲವಾಗಿತ್ತು, ಈಗ ನಾನು ಬರೀ ನಾನಾಗಿ ಹೋಗಬಹುದಿತ್ತು. ಪ್ರಮಾಣ ನಡೆಯುವ ಸಭಾಂಗಣದ ಗೋಡೆಯ ಮೇಲೆ ಇನ್ನೂ ರಾಣಿಯ ಚಿತ್ರವೇ ಇತ್ತು, ರಾಜನದು ಬಂದಿರಲಿಲ್ಲ. ಕೆಳಗೆ ಬಲಗೈ ಎತ್ತಿ ನಿಂತವರ ಸಾಲಿನಲ್ಲಿ ಇವರು, ಕೋಟು ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ ಬಾಚಿ. ಘನತೆವೆತ್ತ ರಾಜರಿಗೆ ಮತ್ತು ಅವರ ಉತ್ತರಾಧಿಕಾರಿಗಳಿಗೆ ನಿಷ್ಠನಾಗಿರುತ್ತೇನೆ ಅಂತ ಇಂಗ್ಲಿಷಿನಲ್ಲೇ, ದುಭಾಷಿಯ ಹಂಗಿಲ್ಲದೆ ಹೇಳಿದರು. ಕಾರ್ಕಳದ ಇಂಗ್ಲಿಷು, ಆದರೆ ಒಂದು ಪದ ತಪ್ಪಲಿಲ್ಲ. ನಾನು ತುಟಿ ಅಲ್ಲಾಡಿಸುತ್ತಾ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತಿದ್ದೆ, ಅಭ್ಯಾಸಬಲ.

ಹೊರಗೆ ಬಂದು ಫೋಟೋ ತೆಗೆಸಿಕೊಂಡರು. ಹೆಂಡತಿ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ಹೋಳಿಗೆ! ಅವತ್ತು ಪೂಜೆಯಲ್ಲಿ ನೀವು ಊಟ ಬಿಟ್ಟು ಹೋದದ್ದನ್ನು ಇವರು ಎಷ್ಟು ಸಲ ಹೇಳಿಕೊಂಡರೋ ಅಂದರು. ನಾನು ಅಲ್ಲೇ ನಿಂತು ಒಂದು ತಿಂದೆ. ಮಗಳು ಅಪ್ಪನನ್ನು ಚುಡಾಯಿಸಲು ಶುರುಮಾಡಿದಳು. ಈಗ ದೇವರ ಕೋಣೆಯಲ್ಲಿ ರಾಣಿಯ ಪಕ್ಕಕ್ಕೆ ರಾಜನ ಫೋಟೋವನ್ನೂ ಇಡುತ್ತೀರಾ ಅಂತ ಕೇಳಿದಳು.

“ಛೆ, ಎಂತ ಮಾತು! ಅವರು ಬದುಕಿದ್ದಾರಲ್ಲ. ಬದುಕಿದ್ದವರಿಗೆ ದೀಪ ಇಡ್ಲಿಕ್ಕುಂಟಾ?” ಅಂದರು. ಕೈಯಲ್ಲಿದ್ದ ಹೊಸ ಪ್ರಮಾಣಪತ್ರವನ್ನು ಕೋಟಿನ ಒಳಗೆ ಜೋಪಾನವಾಗಿ ಇಟ್ಟುಕೊಂಡರು. “ಮತ್ತೆ ಅವರ ಹತ್ರ ನಮ್ಗೆ ಈಗ ವ್ಯಾಜ್ಯವೂ ಇಲ್ಲ.”